ಲೇಬಲ್ಲಿನ ಕೊನೆಯ ಸಾಲು

ಎಲ್ಲರಿಗೂ ನಮಸ್ಕಾರ.

ಮ್ಯೂಸಿಯಂನಲ್ಲಿ ಚಿತ್ರದ ಪಕ್ಕ ಒಂದು ಚಿಕ್ಕ ಲೇಬಲ್ ಇರುತ್ತದೆ, ಅಲ್ವಾ? ಮೊದಲು ಬರೆದವರ ಹೆಸರು. ಆಮೇಲೆ ಚಿತ್ರದ ಹೆಸರು, ಇಸವಿ, ತೈಲವರ್ಣವೋ ಜಲವರ್ಣವೋ ಅನ್ನುವ ವಿವರ. ಅಷ್ಟು ಓದಿದ ಮೇಲೆ ನಮ್ಮ ಕಣ್ಣು ಚಿತ್ರದ ಕಡೆ ತಿರುಗುತ್ತದೆ. ಆದರೆ ಲೇಬಲ್ ಅಲ್ಲಿಗೆ ಮುಗಿದಿರುವುದಿಲ್ಲ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ಇಂಥವರ ಕೊಡುಗೆ. ಇಂಥ ನಿಧಿಯಿಂದ ಕೊಂಡದ್ದು. ಇಂಥವರ ಉಯಿಲಿನ ಮೂಲಕ ಬಂದದ್ದು. ಜೊತೆಗೊಂದು ನಂಬರು. ಇವತ್ತು ನಾನು ಮಾತಾಡಬೇಕು ಅಂದುಕೊಂಡು ಬಂದಿರುವುದು ಆ ಒಂದು ಸಾಲಿನ ಬಗ್ಗೆ.

ಅದು ನನ್ನ ಕಣ್ಣಿಗೆ ಬಿದ್ದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಕಲಾ ಮ್ಯೂಸಿಯಂನಲ್ಲಿ ಅವರದೇ ಸಂಗ್ರಹದ ಪ್ರದರ್ಶನ ನಡೆಯುತ್ತಿತ್ತು. ಬೇರೆ ಕಡೆಯಿಂದ ತರಿಸಿದ್ದು ಒಂದೂ ಇಲ್ಲ. ವರ್ಷಾನುವರ್ಷ ಕೊಂಡದ್ದು, ದಾನವಾಗಿ ಬಂದದ್ದು, ಉಗ್ರಾಣದಲ್ಲಿ ಇದ್ದದ್ದು, ಎಲ್ಲವನ್ನೂ ಆರಿಸಿ ತಂದು ನಾಲ್ಕು ಕೋಣೆಗಳಲ್ಲಿ ಜೋಡಿಸಿದ್ದರು. ಮೊದಲ ಕೋಣೆಯಲ್ಲಿ ನನಗೆ ನಿರಾಸೆಯೇ ಆಯಿತು. ಒಂದು ದೊಡ್ಡ ಅಮೂರ್ತ ಚಿತ್ರ. ಅದರ ಪಕ್ಕ ಕೈಯಗಲದ ಒಂದು ಫೋಟೋ. ಆಚೆಗೆ ಒಂದು ಪಿಂಗಾಣಿ ಬಟ್ಟಲು. ಮೂಲೆಯಲ್ಲಿ ಒಂದು ಕಂಚಿನ ತಲೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಾಣಲಿಲ್ಲ. ಒಬ್ಬರೇ ಕಲಾವಿದರ ಪ್ರದರ್ಶನವಾದರೆ ನಡೆಯಲಿಕ್ಕೆ ಒಂದು ದಾರಿ ಸಿಗುತ್ತದೆ. ಇಲ್ಲಿ ಅದು ಸಿಗಲಿಲ್ಲ. ಅರ್ಧ ಗಂಟೆಯಲ್ಲಿ ನಾಲ್ಕೂ ಕೋಣೆ ಸುತ್ತಿ ಬಾಗಿಲ ಹತ್ತಿರ ಬಂದಿದ್ದೆ.

ಬಾಗಿಲ ಪಕ್ಕದ ಗೋಡೆಯಲ್ಲಿ ಕಾಗದದ ಮೇಲೆ ಬರೆದ ಒಂದು ಚಿಕ್ಕ ಚಿತ್ರ ಇತ್ತು. ಮಲಗಿದ ಮಗು. ಪೆನ್ಸಿಲ್ ಗೆರೆ, ಅದರ ಮೇಲೆ ತೆಳ್ಳಗೆ ಜಲವರ್ಣ. ಹೊದಿಕೆಗೂ ಹಿನ್ನೆಲೆಗೂ ಒಂದೇ ನೀಲಿ, ಕಾಗದದ ಅಂಚಿನವರೆಗೂ ಬಳಿದದ್ದು. ಆ ನೀಲಿ ಮಾಸಿ ಮಾಸಿ ಹೆಚ್ಚುಕಮ್ಮಿ ಬೂದಿ ಬಣ್ಣಕ್ಕೆ ಬಂದಿತ್ತು. ಬಗ್ಗಿ ನೋಡಿದೆ. ನಾಲ್ಕು ಮೂಲೆಗಳಲ್ಲೂ ಒಂದೊಂದು ಸಣ್ಣ ತೂತು. ಪ್ರತಿ ತೂತಿನ ಸುತ್ತ ಅಂಗಿಯ ಗುಂಡಿಯಷ್ಟು ಅಗಲದ ಒಂದು ವೃತ್ತ. ಆ ವೃತ್ತಗಳ ಒಳಗೆ ಮಾತ್ರ ನೀಲಿ ಗಾಢವಾಗಿ, ನಿನ್ನೆ ಬಳಿದ ಹಾಗೆ ಉಳಿದಿತ್ತು. ಒಂದು ನಿಮಿಷ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅದು ಡ್ರಾಯಿಂಗ್ ಪಿನ್ನಿನ ತಲೆ ಕೂತಿದ್ದ ಜಾಗ. ಅದರ ಕೆಳಗೆ ಬೆಳಕು ಹೋಗಿರಲಿಲ್ಲ, ಬಣ್ಣ ಉಳಿದುಕೊಂಡಿತ್ತು. ಅಂದರೆ ಇದನ್ನು ಯಾರೋ ತಮ್ಮ ಮನೆಯ ಗೋಡೆಗೆ, ಫ್ರೇಮ್ ಕೂಡ ಹಾಕದೆ, ಸುಮ್ನೆ ಪಿನ್ ಚುಚ್ಚಿ ಹಾಕಿಕೊಂಡಿದ್ದರು. ಬಹಳ ವರ್ಷ ಹಾಕಿಕೊಂಡಿದ್ದರು. ಆಗ ಲೇಬಲ್ಲನ್ನು ಪೂರ್ತಿ ಓದಿದೆ. ಕೊನೆಯ ಸಾಲಿನಲ್ಲಿ ಇದ್ದದ್ದು ಇಷ್ಟು: ಕಲಾವಿದೆಯ ತಂಗಿಯ ಕೊಡುಗೆ.

ಮಗು ಯಾರದು, ತಂಗಿಯ ಹೆಸರೇನು, ಏನೂ ಬರೆದಿರಲಿಲ್ಲ. ಆದರೆ ದಿನಾ ಅದನ್ನು ನೋಡುತ್ತಿದ್ದವರು ಒಂದು ದಿನ ಆ ನಾಲ್ಕು ಪಿನ್ನುಗಳನ್ನು ಕಿತ್ತು, ಮನೆಯ ಗೋಡೆ ಖಾಲಿ ಮಾಡಿ, ಚಿತ್ರವನ್ನು ತಂದು ಕೊಟ್ಟಿದ್ದರು. ನಾನು ತಿರುಗಿ ಮೊದಲ ಕೋಣೆಗೆ ಹೋದೆ. ಈ ಸಲ ಎಲ್ಲ ಲೇಬಲ್ಲುಗಳನ್ನೂ ಕೆಳಗಿನಿಂದ ಮೇಲಕ್ಕೆ ಓದಿದೆ. ಮೂರು ಗಂಟೆ ಹಿಡಿಯಿತು. ದಾರಿ ಇಲ್ಲ ಅಂದುಕೊಂಡಿದ್ದೆನಲ್ಲ, ದಾರಿ ಇತ್ತು. ಅದು ಬರೆದವರ ದಾರಿಯಲ್ಲ, ತಂದವರ ದಾರಿ. ಯಾರು, ಯಾವ ವರ್ಷ, ಯಾವುದನ್ನು ಬೇಕು ಅಂದರು ಅನ್ನುವ ದಾರಿ.

ನಂಬರಿನಿಂದ ಶುರು ಮಾಡುತ್ತೇನೆ. ಒಂದು ಕೃತಿ ಮ್ಯೂಸಿಯಂನ ಸ್ವತ್ತಾದ ದಿನ ಅದಕ್ಕೊಂದು ನಂಬರು ಕೊಡುತ್ತಾರೆ. ಕಾಗದದ ಚಿತ್ರವಾದರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯುತ್ತಾರೆ. ಮಡಕೆಯೋ ಬಟ್ಟಲೋ ಆದರೆ ಕಣ್ಣಿಗೆ ಬೀಳದ ಜಾಗದಲ್ಲಿ ತೆಳುವಾಗಿ ವಾರ್ನಿಷ್ ಬಳಿದು, ಒಣಗಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ಬರೆಯುತ್ತಾರೆ. ಬೇಕಾದಾಗ ವಸ್ತುವಿಗೆ ಏಟಾಗದ ಹಾಗೆ ಅಳಿಸಬಹುದು. ಆದರೆ ಆ ನಂಬರನ್ನು ಮತ್ತೊಂದು ಕೃತಿಗೆ ಕೊಡುವುದಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, ಹಿಮದ ತುಂಡುಗಳು ತೇಲುವ ಡೆಲವೇರ್ ನದಿಯನ್ನು ಜಾರ್ಜ್ ವಾಷಿಂಗ್ಟನ್ ದೋಣಿಯಲ್ಲಿ ದಾಟುವ ಒಂದು ಭಾರಿ ಚಿತ್ರ ಇದೆ. ಅದರ ನಂಬರು 97.34. ಮೊದಲ ಭಾಗ ಇಸವಿ, 1897. ಎರಡನೆಯದು ಆ ವರ್ಷದ ನಮೂದು. ಅದೇ ಮ್ಯೂಸಿಯಂನ 70.1 ಯಾವುದು ಗೊತ್ತಾ? ಹೂಮಾಲೆ ಕೆತ್ತಿದ ಅಮೃತಶಿಲೆಯ ಒಂದು ರೋಮನ್ ಶವಪೆಟ್ಟಿಗೆ. ಮ್ಯೂಸಿಯಂ ಹುಟ್ಟಿದ 1870ರಲ್ಲೇ ಕೊಡುಗೆಯಾಗಿ ಬಂದದ್ದು. ಇವತ್ತು ಅಲ್ಲಿ ನಡೆದು ನಡೆದು ಕಾಲು ಸೋಲುವಷ್ಟು ಕೋಣೆಗಳಿವೆ. ಎಣಿಕೆ ಶುರುವಾದದ್ದು ಮಾತ್ರ ಆ ಒಂದು ಕಲ್ಲಿನಿಂದ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಲೆಕ್ಕ ಇನ್ನೂ ಸರಳ. 1824ರಲ್ಲಿ ಸರ್ಕಾರ ಆಂಗರ್‌ಸ್ಟೈನ್ ಅನ್ನುವ ಬ್ಯಾಂಕರ್ ಕೂಡಿಟ್ಟಿದ್ದ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡಿತು. ಕಟ್ಟಡ ಇರಲಿಲ್ಲ, ಅವರ ಮನೆಯಲ್ಲೇ ಜನರಿಗೆ ತೋರಿಸಿದರು. ಮೊದಲ ನಂಬರು, ಎನ್‌ಜಿ1, ಸತ್ತ ಲಾಜರಸ್ ಎದ್ದು ಬರುವ ಸೆಬಾಸ್ಟಿಯಾನೊ ದೆಲ್ ಪಿಯೊಂಬೊ ಅವರ ಚಿತ್ರಕ್ಕೆ ಸಿಕ್ಕಿತು. ಎಣಿಕೆ ಅಲ್ಲಿಂದ ಹಾಗೇ ಮುಂದುವರಿದಿದೆ. 1924ರಲ್ಲಿ ಕೊಂಡ ವ್ಯಾನ್ ಗೋ ಅವರ ಸೂರ್ಯಕಾಂತಿಗಳು 3863ನೇ ನಂಬರು. ಅಂದರೆ ಒಂದು ನಂಬರು ಹೇಳಿದರೆ, ಅದಕ್ಕೂ ಮೊದಲು ಸಾಲಿನಲ್ಲಿ ಎಷ್ಟು ಚಿತ್ರ ಬಂದು ನಿಂತಿದ್ದವು ಅಂತ ಗೊತ್ತಾಗುತ್ತದೆ.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನದು ನನಗೆ ತುಂಬಾ ಇಷ್ಟ. ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರದ ನಂಬರು ಎಸ್‌ಕೆ-ಎ-2344. 1908ರಲ್ಲಿ ಕೊಂಡದ್ದು. ಅದೇ ಕಟ್ಟಡದಲ್ಲಿ, ಒಂದು ಗೋಡೆ ತುಂಬಾ, ರೆಂಬ್ರಾಂಟ್ ಬರೆದ ‘ನೈಟ್ ವಾಚ್’ ಇದೆ. ಅದರ ನಂಬರು ಎಸ್‌ಕೆ-ಸಿ-5. ಮಧ್ಯದ ಅಕ್ಷರ ನೋಡಿ. ‘ಎ’ ಅಂದರೆ ಸ್ವಂತದ್ದು. ‘ಸಿ’ ಅಂದರೆ ಎರವಲು ಬಂದದ್ದು. ಆ ಮ್ಯೂಸಿಯಂ ಅಂದ ಕೂಡಲೇ ಎಲ್ಲರಿಗೂ ನೆನಪಾಗುವ ಚಿತ್ರ ಮ್ಯೂಸಿಯಂನ ಸ್ವಂತದ್ದಲ್ಲ, ಆಮ್‌ಸ್ಟರ್‌ಡ್ಯಾಮ್ ನಗರದ್ದು. ಒಂದೇ ಅಕ್ಷರದಲ್ಲಿ ಅದನ್ನು ಬರೆದಿಟ್ಟಿದ್ದಾರೆ.

ಈಗ ಒಂದು ಸಣ್ಣ ಅಭ್ಯಾಸ. ಲೇಬಲ್ಲಿನಲ್ಲಿ ಎರಡು ಇಸವಿ ಇರುತ್ತವೆ. ಬರೆದದ್ದು ಒಂದು, ಬಂದದ್ದು ಒಂದು. ಒಂದರಿಂದ ಇನ್ನೊಂದನ್ನು ಕಳೆಯಿರಿ. ಪಿಕಾಸೊ ‘ದೆಮ್ವಾಸೆಲ್ ದಾವಿನ್ಯೋ’ ಬರೆದದ್ದು 1907ರಲ್ಲಿ. ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸೇರಿದ್ದು 1939ರಲ್ಲಿ. 32 ವರ್ಷ. ವ್ಯಾನ್ ಗೋ ‘ಸ್ಟಾರಿ ನೈಟ್’ ಬರೆದದ್ದು 1889ರಲ್ಲಿ, ಅದೇ ಮ್ಯೂಸಿಯಂಗೆ ಬಂದದ್ದು 1941ರಲ್ಲಿ. 52 ವರ್ಷ. ಉತ್ತರ ಸಣ್ಣದಾಗಿ ಬಂದರೆ ಯಾರೋ ಧೈರ್ಯ ಮಾಡಿದ್ದಾರೆ. ಬಣ್ಣ ಇನ್ನೂ ಹೊಸದಿರುವಾಗಲೇ ಇದು ಉಳಿಯಬೇಕಾದದ್ದು ಅಂತ ಹೇಳಿದ್ದಾರೆ. ದೊಡ್ಡದಾಗಿ ಬಂದರೆ ಆ ಚಿತ್ರ ಅಷ್ಟು ಕಾಲ ಬೇರೆಲ್ಲೋ ಬದುಕಿ ಬಂದಿದೆ. ನಾನು ಈಗ ಯಾವ ಪ್ರದರ್ಶನಕ್ಕೆ ಹೋದರೂ ಮನಸ್ಸಿನಲ್ಲೇ ಈ ಲೆಕ್ಕ ಮಾಡುತ್ತಿರುತ್ತೇನೆ.

‘ಸ್ಟಾರಿ ನೈಟ್’ ಲೇಬಲ್ಲಿನ ಕೊನೆಯ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಲಿಲ್ಲಿ ಬ್ಲಿಸ್ ಅವರ ಉಯಿಲಿನ ಮೂಲಕ, ವಿನಿಮಯದಲ್ಲಿ ಪಡೆದದ್ದು ಅಂತ ಇದೆ. ಲಿಲ್ಲಿ ಬ್ಲಿಸ್ 1929ರಲ್ಲಿ ಆ ಮ್ಯೂಸಿಯಂ ಕಟ್ಟಿದ ಮೂವರು ಹೆಂಗಸರಲ್ಲಿ ಒಬ್ಬರು. ಎರಡೇ ವರ್ಷಕ್ಕೆ ತೀರಿಕೊಂಡರು. ತಮ್ಮ ಸಂಗ್ರಹವನ್ನು ಮ್ಯೂಸಿಯಂಗೆ ಬಿಟ್ಟರು, ಮುಂದೆ ಅಗತ್ಯ ಬಿದ್ದರೆ ಅದರಲ್ಲಿ ಬಹಳಷ್ಟನ್ನು ಮಾರಿ ಬೇರೆ ಕೊಳ್ಳಬಹುದು ಅನ್ನುವ ಅವಕಾಶವನ್ನೂ ಕೊಟ್ಟರು. ಹತ್ತು ವರ್ಷದ ಮೇಲೆ ಅವರ ಕೆಲವು ಚಿತ್ರಗಳನ್ನು ಕೊಟ್ಟು ‘ಸ್ಟಾರಿ ನೈಟ್’ ತಂದರು. ಹಾಗಾಗಿ ಆ ಲೇಬಲ್ಲಿನ ಮೇಲೆ ಅವರ ಹೆಸರಿದೆ. ಆದರೆ ಆ ಚಿತ್ರ ಯಾವತ್ತೂ ಅವರದಾಗಿರಲಿಲ್ಲ. ಮ್ಯೂಸಿಯಂಗಳು ಇರುವುದನ್ನು ಮಾರಿ ಹೊಸದು ಕೊಳ್ಳುವ ವಿಷಯದಲ್ಲಿ ನನಗೆ ಎರಡು ಮನಸ್ಸಿದೆ. ಕೈಬಿಟ್ಟು ಹೋದ ಚಿತ್ರ ಗೋಡೆಯ ಮೇಲೆ ಕಾಣುವುದಿಲ್ಲ, ಅದರ ಪರವಾಗಿ ಮಾತಾಡುವವರೂ ಇರುವುದಿಲ್ಲ. ಆದರೂ ತಾನು ಪ್ರೀತಿಸಿ ಕೊಂಡದ್ದನ್ನು ಮುಂದಿನವರು ಬದಲಾಯಿಸಿಕೊಳ್ಳಲಿ ಅಂತ ಬರೆದುಕೊಟ್ಟು ಹೋಗುವುದಕ್ಕೆ ದೊಡ್ಡ ಮನಸ್ಸು ಬೇಕು.

ಇದಕ್ಕೆ ಪೂರ್ತಿ ವಿರುದ್ಧವಾದ ಉಯಿಲೂ ಇದೆ. ಬಾಸ್ಟನ್ನಿನ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್ 1903ರಲ್ಲಿ ತಮ್ಮ ಮ್ಯೂಸಿಯಂ ತೆರೆದರು. ತಾವು ಜೋಡಿಸಿಟ್ಟದ್ದನ್ನು ಯಾರೂ ಬದಲಿಸಬಾರದು ಅಂತ ಬರೆದಿಟ್ಟು 1924ರಲ್ಲಿ ತೀರಿಕೊಂಡರು. 1990ರ ಮಾರ್ಚ್ 18ರಂದು ಅಲ್ಲಿಂದ 13 ಕೃತಿಗಳು ಕಳುವಾದವು. ಒಂದೂ ವಾಪಸ್ ಬಂದಿಲ್ಲ. ಕತ್ತರಿಸಿಕೊಂಡು ಹೋದ ಚಿತ್ರಗಳ ಖಾಲಿ ಫ್ರೇಮುಗಳು ಇವತ್ತಿಗೂ ಅದೇ ಗೋಡೆಯಲ್ಲಿ ತೂಗುತ್ತಿವೆ.

ಕೊಡುಗೆಗಳ ಕಥೆ ಹೇಳಲು ಕೂತರೆ ಬೆಳಗಾಗುತ್ತದೆ. ಎರಡು ಮಾತ್ರ ಹೇಳುತ್ತೇನೆ.

ಮೊದಲನೆಯದು ನಿಮಗೆಲ್ಲ ಗೊತ್ತಿರುವ ಮುಖ. ವರ್ಮೀರ್ ಬರೆದ, ಮುತ್ತಿನ ಓಲೆಯ ಹುಡುಗಿ. 1881ರಲ್ಲಿ ಹೇಗ್ ನಗರದ ಒಂದು ಹರಾಜಿನಲ್ಲಿ ಕೊಳೆ ಹಿಡಿದು ಮಂಕಾಗಿ ಆ ಚಿತ್ರ ಬಂದಿತ್ತು. ದೆಸ್ ತೋಂಬೆ ಅನ್ನುವವರು ಎರಡು ಗಿಲ್ಡರಿಗೆ ಕೊಂಡರು, ಮೇಲೆ ಮೂವತ್ತು ಸೆಂಟ್ ಕಮಿಷನ್. ಅಷ್ಟೇ. ಇಪ್ಪತ್ತು ವರ್ಷ ಇಟ್ಟುಕೊಂಡರು. 1902ರ ಕೊನೆಗೆ ತೀರಿಕೊಂಡಾಗ, ತಮ್ಮ ಇನ್ನಷ್ಟು ಚಿತ್ರಗಳ ಜೊತೆ ಅದನ್ನು ಊರಿನ ಮೌರಿಟ್ಸ್‌ಹೌಸ್ ಮ್ಯೂಸಿಯಂಗೆ ಉಯಿಲಿನಲ್ಲಿ ಬಿಟ್ಟಿದ್ದರು. ಈಗ ಆ ಹುಡುಗಿಯನ್ನು ನೋಡಲು ಲೋಕದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಪಕ್ಕದ ಕೊನೆಯ ಸಾಲಿನಲ್ಲಿ ದೆಸ್ ತೋಂಬೆ ಅವರ ಹೆಸರಿದೆ. ದಯವಿಟ್ಟು ಅದನ್ನೂ ಓದಿ.

ಎರಡನೆಯದು ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ದಂಪತಿಯದು. ಹರ್ಬರ್ಟ್ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು, ಡೊರೊಥಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದರು. ನ್ಯೂಯಾರ್ಕಿನಲ್ಲಿ ಒಂದೇ ಮಲಗುವ ಕೋಣೆಯ ಮನೆ. ಡೊರೊಥಿ ಸಂಬಳದಲ್ಲಿ ಸಂಸಾರ, ಹರ್ಬರ್ಟ್ ಸಂಬಳದಲ್ಲಿ ಚಿತ್ರ. ಎರಡೇ ನಿಯಮ: ಬೆಲೆ ಕೈಗೆಟುಕಬೇಕು, ಮನೆಯಲ್ಲಿ ಹಿಡಿಸಬೇಕು. ಹೆಸರು ಮಾಡಿರದ ಹೊಸ ಕಲಾವಿದರ ಸ್ಟುಡಿಯೋಗಳಿಗೆ ಹೋಗಿ, ಮಾತಾಡಿ, ಕಂತಿನಲ್ಲಿ ದುಡ್ಡು ಕಟ್ಟಿ ಕೊಳ್ಳುತ್ತಿದ್ದರು. ಮಂಚದ ಕೆಳಗೆ, ಬಾತ್‌ರೂಮಿನ ಗೋಡೆಯಲ್ಲಿ, ಎಲ್ಲೆಲ್ಲೂ ಚಿತ್ರ. ಹೀಗೆ 4,000ಕ್ಕೂ ಜಾಸ್ತಿ ಕೃತಿ ಸೇರಿಸಿದರು. ಮಾರಿದ್ದರೆ ಕೋಟ್ಯಧೀಶರಾಗುತ್ತಿದ್ದರು. ಮಾರಲಿಲ್ಲ. 1992ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಒಪ್ಪಿಸಲು ಶುರು ಮಾಡಿದರು. ಅಲ್ಲಿಗೆ ಯಾರು ಬೇಕಾದರೂ ಟಿಕೆಟ್ ಇಲ್ಲದೆ ಹೋಗಬಹುದು, ಅವರಿಗೆ ಅದು ಮುಖ್ಯವಾಗಿತ್ತು. ಅಲ್ಲೂ ಎಲ್ಲವೂ ಹಿಡಿಸಲಿಲ್ಲ. 2008ರಲ್ಲಿ ಅಮೆರಿಕದ 50 ರಾಜ್ಯಗಳಲ್ಲಿ ತಲಾ ಒಂದು ಮ್ಯೂಸಿಯಂಗೆ ತಲಾ 50 ಕೃತಿ ಹಂಚುವ ಯೋಜನೆ ಹೊರಟಿತು. ಒಟ್ಟು 2,500. ಸಂಬಳದ ದುಡ್ಡಿನಲ್ಲಿ ಕೊಂಡ ಚಿತ್ರಗಳು ಇವು. ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೊಡುತ್ತೇನೆ ಅಂದರೂ ಬೇಡ ಅಂದ ಸಂದರ್ಭಗಳಿವೆ. ಗುಸ್ತಾವ್ ಕಾಯ್‌ಬೋತ್ ತಾನೂ ಚಿತ್ರ ಬರೆಯುತ್ತಿದ್ದವರು. ಗೆಳೆಯರಾದ ಮೊನೆ, ರೆನ್ವಾ, ಪಿಸಾರೊ, ದೆಗಾ ಇವರ ಚಿತ್ರಗಳನ್ನು ಯಾರೂ ಕೊಳ್ಳದ ಕಾಲದಲ್ಲಿ ಕೊಂಡರು. 1894ರಲ್ಲಿ ತೀರಿಕೊಂಡಾಗ ಆ ಸುಮಾರು 70 ಚಿತ್ರಗಳನ್ನು ಫ್ರೆಂಚ್ ಸರ್ಕಾರಕ್ಕೆ ಬಿಟ್ಟಿದ್ದರು. ಅಟ್ಟಕ್ಕೆ ಹಾಕಬಾರದು, ಜನ ನೋಡಬೇಕು ಅನ್ನುವ ಷರತ್ತೂ ಇತ್ತು. ಉಯಿಲು ನಡೆಸುವ ಹೊಣೆ ರೆನ್ವಾ ಮೇಲೆ. ವರ್ಷಗಟ್ಟಲೆ ಎಳೆದಾಟ ನಡೆದು, ಕೊನೆಗೆ ಸರ್ಕಾರ ತೆಗೆದುಕೊಂಡದ್ದು ಸುಮಾರು 40. 1897ರಲ್ಲಿ ಅವು ಪ್ಯಾರಿಸ್ಸಿನ ಲಕ್ಸೆಂಬರ್ಗ್ ಮ್ಯೂಸಿಯಂನ ಗೋಡೆ ಏರಿದಾಗ ಅದಕ್ಕೂ ವಿರೋಧ ಬಂತು. ಇವತ್ತು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಜನ ಆ ಚಿತ್ರಗಳ ಮುಂದೆಯೇ ಮುಗಿಬೀಳುತ್ತಾರೆ. 1929ರಲ್ಲಿ ನ್ಯೂಯಾರ್ಕಿನಲ್ಲೂ ಹೀಗೇ ಆಯಿತು. ಗರ್ಟ್ರೂಡ್ ವ್ಯಾಂಡರ್‌ಬಿಲ್ಟ್ ವಿಟ್ನಿ ಅಮೆರಿಕದ ಕಲಾವಿದರ ಸುಮಾರು 500 ಕೃತಿಗಳನ್ನು ಮೆಟ್ರೊಪಾಲಿಟನ್‌ಗೆ ಕೊಡಲು ಹೋದರು. ಬೇಡ ಅಂದರು. ಅವರು ತಮ್ಮದೇ ಮ್ಯೂಸಿಯಂ ಕಟ್ಟಿ 1931ರಲ್ಲಿ ಬಾಗಿಲು ತೆರೆದರು.

ದುಡ್ಡು ಕೊಟ್ಟು ಕೊಂಡದ್ದಕ್ಕೆ ಬರುವ ಬೈಗುಳ ಬೇರೆ ತರಹದ್ದು. 1973ರಲ್ಲಿ ಆಸ್ಟ್ರೇಲಿಯಾ ತನ್ನ ರಾಷ್ಟ್ರೀಯ ಗ್ಯಾಲರಿಗಾಗಿ ಜಾಕ್ಸನ್ ಪೊಲಾಕ್ ಬರೆದ ‘ಬ್ಲೂ ಪೋಲ್ಸ್’ ಕೊಂಡಿತು. ಹೆಚ್ಚುಕಮ್ಮಿ ಐದು ಮೀಟರ್ ಅಗಲದ ಚಿತ್ರ, ಬೆಲೆ 13 ಲಕ್ಷ ಆಸ್ಟ್ರೇಲಿಯನ್ ಡಾಲರ್. ಗ್ಯಾಲರಿಯ ಕಟ್ಟಡ ಇನ್ನೂ ತಯಾರಿರಲಿಲ್ಲ, ಅದು ತೆರೆದದ್ದು 1982ರಲ್ಲಿ. ಪ್ರಧಾನಿ ವಿಟ್ಲಮ್ ಅವರೇ ಒಪ್ಪಿಗೆ ಕೊಡಬೇಕಾಯಿತು. ಪತ್ರಿಕೆಗಳು ಸುಮ್ಮನಿರಲಿಲ್ಲ. ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಕಾರ್ಲ್ ಆಂದ್ರೆ ಅವರ 120 ಇಟ್ಟಿಗೆಗಳ ಶಿಲ್ಪ ಕೊಂಡಿತು. ನೆಲದ ಮೇಲೆ ಎರಡು ಪದರದಲ್ಲಿ ಜೋಡಿಸಿದ ಇಟ್ಟಿಗೆ. ನಾಲ್ಕು ವರ್ಷದ ಮೇಲೆ ಸುದ್ದಿಯಾಗಿ ಗಲಾಟೆ ಎದ್ದಿತು. ಒಬ್ಬರು ಬಂದು ಅದರ ಮೇಲೆ ನೀಲಿ ಬಣ್ಣವನ್ನೇ ಎರಚಿದರು. ‘ಬ್ಲೂ ಪೋಲ್ಸ್’ ಬೆಲೆ ಈಗ ಎಷ್ಟೋ ಪಟ್ಟು ಏರಿದೆ, ಹಾಗಾಗಿ ಕೊಂಡದ್ದು ಸರಿ ಅಂತ ಕೆಲವರು ಹೇಳುತ್ತಾರೆ. ಆ ವಾದ ನನಗೆ ಹಿಡಿಸುವುದಿಲ್ಲ. ಬೆಲೆ ಬಿದ್ದಿದ್ದರೆ ಚಿತ್ರ ಕೆಟ್ಟದಾಗುತ್ತಿತ್ತಾ? ಸ್ವಂತ ಮನೆಗಲ್ಲ, ಎಲ್ಲರಿಗೂ ಸೇರಿದ ಗೋಡೆಗೆ ಅಂತ ಒಂದು ಗುಂಪು ಕೂತು, ವಾದ ಮಾಡಿ, ಆರಿಸಿ, ಬೈಸಿಕೊಳ್ಳಲು ತಯಾರಾಗಿ ಕೊಂಡಿತಲ್ಲ, ನಾನು ಮೆಚ್ಚುವುದು ಅದನ್ನು.

ಹಾಗಂತ ಆರಿಸಿದವರ ಕಣ್ಣು ಯಾವಾಗಲೂ ನೇರವಾಗಿತ್ತು ಅಂತ ಹೇಳಲಾರೆ. ಸಂಗ್ರಹದ ಪ್ರದರ್ಶನದಲ್ಲಿ ಇರುವುದರಷ್ಟೇ ಇಲ್ಲದ್ದೂ ಎದ್ದು ಕಾಣುತ್ತದೆ. ಸುಮ್ನೆ ಒಂದು ಕೋಣೆಯಲ್ಲಿ ಹೆಂಗಸರು ಬರೆದ ಚಿತ್ರ ಎಷ್ಟು ಅಂತ ಎಣಿಸಿ ನೋಡಿ. 1989ರಲ್ಲಿ ಗೆರಿಲ್ಲಾ ಗರ್ಲ್ಸ್ ಅನ್ನುವ ಗುಂಪು ಮೆಟ್ರೊಪಾಲಿಟನ್‌ನಲ್ಲಿ ಎಣಿಸಿ ಒಂದು ಪೋಸ್ಟರ್ ಮಾಡಿತು. ಆಧುನಿಕ ಕಲೆಯ ವಿಭಾಗಗಳ ಕಲಾವಿದರಲ್ಲಿ ಹೆಂಗಸರು ನೂರಕ್ಕೆ ಐದಕ್ಕಿಂತ ಕಡಿಮೆ, ಆದರೆ ಬೆತ್ತಲೆ ಚಿತ್ರಗಳಲ್ಲಿ ನೂರಕ್ಕೆ 85 ಹೆಂಗಸರವು. ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್ 2020ರಲ್ಲಿ ಇಡೀ ವರ್ಷ ಹೆಂಗಸರ ಕೃತಿಗಳನ್ನು ಮಾತ್ರ ಕೊಳ್ಳುತ್ತೇವೆ ಅಂತ ಹೇಳಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿ 2018ರಲ್ಲಿ ಆರ್ಟಿಮಿಸಿಯಾ ಜೆಂಟಿಲೆಸ್ಕಿ ಅವರ ಒಂದು ಚಿತ್ರ ಕೊಂಡಿತು. ತನ್ನನ್ನೇ ಸಂತ ಕ್ಯಾಥರೀನ್ ರೂಪದಲ್ಲಿ ಬರೆದುಕೊಂಡ ಚಿತ್ರ, ಮುರಿದ ಚಕ್ರದ ಮೇಲೆ ಕೈಯಿಟ್ಟು ನೇರ ನಮ್ಮನ್ನೇ ನೋಡುವ ಹೆಂಗಸು. ಬೆಲೆ 36 ಲಕ್ಷ ಪೌಂಡ್. ಬರೆದದ್ದು 1615ರ ಆಸುಪಾಸು. ಕಳೆಯುವ ಲೆಕ್ಕ ಮಾಡಿ: 400 ವರ್ಷ.

ಆ ಚಿತ್ರವನ್ನು ಕೊಂಡ ಮೇಲೆ ಅವರು ಮಾಡಿದ ಕೆಲಸ ಇನ್ನೂ ಚೆಂದ. 2019ರಲ್ಲಿ ಅದನ್ನು ಪೆಟ್ಟಿಗೆ ಕಟ್ಟಿ ಊರೂರಿಗೆ ಕಳಿಸಿದರು. ದೊಡ್ಡ ಮ್ಯೂಸಿಯಂಗಳಿಗಲ್ಲ. ಒಂದು ಮಹಿಳಾ ಗ್ರಂಥಾಲಯಕ್ಕೆ, ಒಂದು ಆರೋಗ್ಯ ಕೇಂದ್ರಕ್ಕೆ, ಒಂದು ಹೆಣ್ಣುಮಕ್ಕಳ ಶಾಲೆಗೆ, ಒಂದು ಹೆಂಗಸರ ಜೈಲಿಗೆ. ಕೊಂಡದ್ದು ಎಲ್ಲರಿಗಾಗಿ ಅಂದ ಮೇಲೆ ಬರಲಾಗದವರ ಹತ್ತಿರ ಚಿತ್ರವೇ ಹೋಗಬೇಕು ತಾನೇ?

ಒಂದು ಕಷ್ಟದ ವಿಷಯವನ್ನೂ ಹೇಳಲೇಬೇಕು. ಎಲ್ಲ ಕೊನೆಯ ಸಾಲುಗಳೂ ನಿಜ ಹೇಳುವುದಿಲ್ಲ. 1972ರಲ್ಲಿ ಮೆಟ್ರೊಪಾಲಿಟನ್ 10 ಲಕ್ಷ ಡಾಲರಿಗೆ ಒಂದು ಗ್ರೀಕ್ ಮಣ್ಣಿನ ಪಾತ್ರೆ ಕೊಂಡಿತು. ಯೂಫ್ರೋನಿಯಸ್ ಅನ್ನುವವನು 2,500 ವರ್ಷಗಳ ಹಿಂದೆ ಚಿತ್ರ ಬರೆದ, ಅಗಲ ಬಾಯಿಯ ಪಾತ್ರೆ. ಸತ್ತ ಯೋಧನನ್ನು ನಿದ್ದೆ ಮತ್ತು ಸಾವಿನ ದೇವತೆಗಳು ಎತ್ತಿಕೊಳ್ಳುವ ಚಿತ್ರ. ಅದು ಇಟಲಿಯ ಚೆರ್ವೆತೆರಿ ಬಳಿ ಹಳೆಯ ಗೋರಿಯಿಂದ ಕದ್ದು ಅಗೆದು ತೆಗೆದದ್ದು ಅಂತ ಆಮೇಲೆ ತಿಳಿಯಿತು. 2008ರಲ್ಲಿ ಇಟಲಿಗೆ ವಾಪಸ್ ಹೋಯಿತು, ಈಗ ಚೆರ್ವೆತೆರಿಯ ಮ್ಯೂಸಿಯಂನಲ್ಲೇ ಇದೆ. ನಾಜಿಗಳು ಯಹೂದಿ ಮನೆಗಳಿಂದ ಕಿತ್ತುಕೊಂಡ ಚಿತ್ರಗಳ ವಿಷಯದಲ್ಲಿ 1998ರಲ್ಲಿ 44 ದೇಶಗಳು ವಾಷಿಂಗ್ಟನ್ನಿನಲ್ಲಿ ಸೇರಿ, ಇಂಥವನ್ನು ಹುಡುಕಿ ತೆಗೆದು ನ್ಯಾಯ ಒದಗಿಸಬೇಕು ಅಂತ ಒಪ್ಪಿಕೊಂಡವು. ಆದ್ದರಿಂದ ಲೇಬಲ್ ಓದುವಾಗ ನಾನು ಖಾಲಿ ಜಾಗವನ್ನೂ ನೋಡುತ್ತೇನೆ. 1933ರಿಂದ 1945ರ ನಡುವೆ ಈ ಚಿತ್ರ ಎಲ್ಲಿತ್ತು? ಯಾರ ಕೈಯಲ್ಲಿತ್ತು? ಈಗ ಎಷ್ಟೋ ಮ್ಯೂಸಿಯಂಗಳು ಈ ವಿವರವನ್ನು ವೆಬ್‌ಸೈಟಿನಲ್ಲಿ ಹಾಕುತ್ತಿವೆ. ಹುಡುಕಿ ಓದಿ.

ಬೆಳಕಿನ ಮಾತಿಗೆ ಬರುತ್ತೇನೆ. ಮಲಗಿದ ಮಗುವಿನ ಚಿತ್ರದ ನೀಲಿ ಮಾಸಿತ್ತು ಅಂದೆನಲ್ಲ. ಕಾಗದದ ಮೇಲಿನ ಜಲವರ್ಣಕ್ಕೆ ಬೆಳಕೇ ಶತ್ರು. ಒಮ್ಮೆ ಹೋದ ಬಣ್ಣ ಮರಳಿ ಬರುವುದಿಲ್ಲ. ಅದಕ್ಕೇ ಇಂಥ ಚಿತ್ರಗಳಿರುವ ಕೋಣೆಯಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ ಇಳಿಸುತ್ತಾರೆ. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಇದರ ನೂರು ಪಟ್ಟಿಗೂ ಜಾಸ್ತಿ ಇರಬಹುದು. ಒಳಗೆ ಹೋದ ಕೂಡಲೇ ಕತ್ತಲೆ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಎರಡು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಕೆಲವು ತಿಂಗಳು ತೋರಿಸಿದ ಮೇಲೆ ಚಿತ್ರವನ್ನು ಕತ್ತಲ ಪೆಟ್ಟಿಗೆಗೆ ವಾಪಸ್ ಹಾಕಿ ವರ್ಷಗಟ್ಟಲೆ ವಿಶ್ರಾಂತಿ ಕೊಡುತ್ತಾರೆ.

ಇದನ್ನು ನೂರು ವರ್ಷದ ಹಿಂದೆಯೇ ಯೋಚಿಸಿದ ಒಬ್ಬರಿದ್ದರು. ಹೆನ್ರಿ ವಾನ್ ಅನ್ನುವವರು ಟರ್ನರ್ ಅವರ 38 ಜಲವರ್ಣಗಳನ್ನು ಸ್ಕಾಟ್ಲೆಂಡಿನ ನ್ಯಾಷನಲ್ ಗ್ಯಾಲರಿಗೆ ಉಯಿಲಿನಲ್ಲಿ ಬಿಟ್ಟಿದ್ದರು, 1900ರಲ್ಲಿ ಅವು ಅಲ್ಲಿಗೆ ಬಂದವು. ಜನವರಿ ತಿಂಗಳಲ್ಲಿ ಮಾತ್ರ ತೋರಿಸಬೇಕು, ದುಡ್ಡು ತೆಗೆದುಕೊಳ್ಳದೆ ತೋರಿಸಬೇಕು ಅಂತ ಷರತ್ತು. ಯಾಕೆ ಜನವರಿ? ಉತ್ತರದ ಆ ನಾಡಿನಲ್ಲಿ ವರ್ಷದಲ್ಲೇ ಬೆಳಕು ತೀರಾ ಕಡಿಮೆ ಇರುವ ದಿನಗಳು ಅವು. ಇವತ್ತಿಗೂ ಎಡಿನ್‌ಬರೋದಲ್ಲಿ ಪ್ರತಿ ಜನವರಿಗೆ ಆ ಚಿತ್ರಗಳು ಹೊರಗೆ ಬರುತ್ತವೆ. ಅವುಗಳ ಬಣ್ಣ ಇನ್ನೂ ಎಷ್ಟು ತಾಜಾ ಇದೆ ಅಂದರೆ, ಆ ಒಂದು ವಾಕ್ಯದ ಷರತ್ತಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ‘ಮೇಡಂ, ಕೊಡುಗೆ ಕೊಡುವವರು ಹೆಸರಿಗಾಗಿ ಕೊಡುತ್ತಾರೆ ಅಲ್ವಾ? ಆ ಹೆಸರನ್ನು ನಾವು ಯಾಕೆ ಓದಬೇಕು?’ ಒಳ್ಳೆಯ ಪ್ರಶ್ನೆ. ಹೆಸರಿಗಾಗಿ ಕೊಟ್ಟವರೂ ಇದ್ದಾರೆ, ಸಂಶಯವೇ ಬೇಡ. ಓದಬೇಕಾದ ಕಾರಣವೂ ಅದೇ. ನೋವು ಮಾತ್ರೆಯ ವ್ಯವಹಾರದಿಂದ ವಿವಾದಕ್ಕೆ ಸಿಕ್ಕಿದ ಸ್ಯಾಕ್ಲರ್ ಕುಟುಂಬದ ಹೆಸರು ಮೆಟ್ರೊಪಾಲಿಟನ್‌ನ ಏಳು ಕಡೆ ಇತ್ತು. ಜನ ಆ ಹೆಸರನ್ನು ಓದಿದರು, ಪ್ರಶ್ನೆ ಕೇಳಿದರು, ಕಟ್ಟಡದೊಳಗೇ ಬಂದು ಪ್ರತಿಭಟಿಸಿದರು. 2021ರ ಡಿಸೆಂಬರಿನಲ್ಲಿ ಮ್ಯೂಸಿಯಂ ಆ ಹೆಸರನ್ನು ತೆಗೆಯುತ್ತೇವೆ ಅಂತ ಪ್ರಕಟಿಸಿತು. ಯಾರೂ ಓದದೇ ಇದ್ದಿದ್ದರೆ ಹೆಸರು ಅಲ್ಲೇ ಇರುತ್ತಿತ್ತು.

ಇನ್ನೊಬ್ಬ ಹುಡುಗಿ, ಕಾಲೇಜಿನವಳಿರಬೇಕು, ಮೆಲ್ಲಗೆ ಕೇಳಿದಳು: ‘ಆ ಮಗುವಿನ ಚಿತ್ರ ಈಗಲೂ ಅಲ್ಲಿ ಇದೆಯಾ?’

ಇಲ್ಲಮ್ಮ. ಮತ್ತೆ ಒಂದು ಸಲ ಅದನ್ನು ನೋಡಲೆಂದೇ ಹೋಗಿದ್ದೆ. ಪ್ರದರ್ಶನ ಇನ್ನೂ ನಡೆಯುತ್ತಿತ್ತು, ಆದರೆ ಬಾಗಿಲ ಪಕ್ಕದ ಗೋಡೆಯಲ್ಲಿ ಬೇರೆ ಚಿತ್ರ ಇತ್ತು. ಕಾವಲಿಗಿದ್ದ ಹೆಂಗಸನ್ನು ಕೇಳಿದೆ. ಅದರ ಮೂರು ತಿಂಗಳು ಮುಗಿಯಿತು, ಒಳಗೆ ಇಟ್ಟಿದ್ದಾರೆ ಅಂದರು. ಈಗ ಅಲ್ಲಿದ್ದದ್ದು ಒಂದು ಖಾಲಿ ಕುರ್ಚಿಯ ಚಿತ್ರ, ಕಪ್ಪು ಶಾಯಿಯಲ್ಲಿ ಬರೆದದ್ದು. ಅದರ ಮೂಲೆಗಳಲ್ಲಿ ತೂತು ಇರಲಿಲ್ಲ. ಮಧ್ಯದಲ್ಲಿ ಉದ್ದಕ್ಕೆ ಒಂದು ಮಡಿಕೆಯ ಗುರುತು ಇತ್ತು, ಯಾರೋ ಕಾಗದವನ್ನು ಎರಡಾಗಿ ಮಡಚಿ ಲಕೋಟೆಯಲ್ಲಿ ಹಾಕಿ ಕಳಿಸಿದ ಹಾಗೆ. ನಾನು ಚೀಲ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಲೇಬಲ್ಲಿನ ಹತ್ತಿರ ಬಗ್ಗಿದೆ.